ಬಣ್ಣಕ್ಕೆ ಮರುಳಾಗಿ ಮೀನು ತರುವವರಿಗೆ

ಬೆರಳುದ್ದದ ಕೆಂಪು ಮೀನು, ಬೆನ್ನ ಮೇಲೆ ಕಪ್ಪು ಅಂಚಿನ ಬಿಳಿ ಮಚ್ಚೆಗಳು. ಅಕ್ವೇರಿಯಂ ಅಂಗಡಿಯಲ್ಲಿ ಇದನ್ನು ಕಂಡ ಮಗು ಹಟ ಹಿಡಿದರೆ ಅಪ್ಪನಿಗೆ ಬೇಡವೆನ್ನಲು ಮನಸ್ಸು ಬಾರದು. ಆದರೆ ಇದು ಕೋರಿಸ್ ಗೈಮಾರ್ಡ್ ಎಂಬ ರ‍್ಯಾಸ್ ಮೀನಿನ ಮರಿ. ಬೆಳೆದಂತೆ ಕೆಂಪು ಅಳಿದು ನೀಲಿ ಚುಕ್ಕಿಯ ಮೈ, ಹಳದಿ ಬಾಲ ಬರುತ್ತದೆ. ಉದ್ದ 40 ಸೆಂ.ಮೀ.ವರೆಗೂ ಹೋಗುತ್ತದೆ. ಆಗ ಅದು ಕಲ್ಲು ಮಗುಚಿ ಹಾಕಿ, ಪಾಚಿ ತಿನ್ನಲೆಂದು ಬಿಟ್ಟ ಬಸವನಹುಳುಗಳನ್ನೂ ಪುಟ್ಟ ಏಡಿಗಳನ್ನೂ ಮುಗಿಸುತ್ತದೆ.

ತಪ್ಪು ಮೀನಿನದಲ್ಲ, ಗುರುತು ಹಿಡಿಯದೆ ಮಾರಿದವರದು, ಕೇಳದೆ ಕೊಂಡವರದು.

ರ‍್ಯಾಸ್ ಕುಟುಂಬದಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳಿವೆ. ಅನೇಕವುಗಳಲ್ಲಿ ಮರಿಗೊಂದು ವೇಷ, ಹೆಣ್ಣಿಗೊಂದು, ಗಂಡಿಗೊಂದು. ಹೆಣ್ಣೇ ಮುಂದೆ ಗಂಡಾಗುವುದೂ ಉಂಟು. ಬಲ್ಲವರೂ ಇಲ್ಲಿ ಎಡವಿದ್ದಾರೆ. ಮಾಲ್ಡೀವ್ಸ್‌ನ ಗುಲಾಬಿ ಬಣ್ಣದ ಒಂದು ಫೇರಿ ರ‍್ಯಾಸನ್ನು ವರ್ಷಗಟ್ಟಲೆ ಬೇರೊಂದು ಪ್ರಭೇದದ ಬೆಳೆದ ಮೀನೆಂದೇ ತಿಳಿಯಲಾಗಿತ್ತು. 2022ರಲ್ಲಷ್ಟೇ ಅದಕ್ಕೆ ಸಿರ್ರಿಲಾಬ್ರಸ್ ಫಿನಿಫೆನ್ಮಾ ಎಂಬ ಸ್ವಂತ ಹೆಸರು ಸಿಕ್ಕಿತು. ಧಿವೇಹಿ ಭಾಷೆಯಲ್ಲಿ ಫಿನಿಫೆನ್ಮಾ ಎಂದರೆ ಗುಲಾಬಿ. ಹೆಸರು ಸಿಗುವ ಮೊದಲೇ ಆ ಮೀನು ಮಾರುಕಟ್ಟೆಯಲ್ಲಿತ್ತು!

ಗುರುತು ಸಿಕ್ಕ ಮೇಲೆ ಜೊತೆಗಾರರ ಪ್ರಶ್ನೆ. ಸಿಕ್ಸ್‌ಲೈನ್ ರ‍್ಯಾಸ್ 10 ಸೆಂ.ಮೀ. ದಾಟದು, ಆದರೆ ಜಗಳಗಂಟ. ಮೊದಲೇ ಸೇರಿ ಜಾಗ ಹಿಡಿಯಿತೆಂದರೆ ತಡವಾಗಿ ಬಂದ ಸಾಧು ಮೀನನ್ನು ಮೂಲೆಗೊತ್ತಿ ಅಟ್ಟಾಡಿಸುತ್ತದೆ. ಬೇಕೇ ಬೇಕೆನ್ನುವವರು ಅದನ್ನು ಕೊನೆಗೆ ಬಿಡುವುದು ಲೇಸು. ಹಳದಿ ಕ್ಯಾನರಿ ರ‍್ಯಾಸ್ ಸೌಮ್ಯ ಸ್ವಭಾವದ್ದು, ಕ್ಲೌನ್ ಮೀನಿನಂಥವುಗಳೊಂದಿಗೆ ಹೊಂದಿಕೊಳ್ಳುತ್ತದೆ. ಅದಕ್ಕೆ ರಾತ್ರಿ ಹೂತುಕೊಂಡು ಮಲಗಲು ಕನಿಷ್ಠ 5 ಸೆಂ.ಮೀ. ಆಳದ ನುಣುಪು ಮರಳು ಬೇಕು. ಹೊಸದಾಗಿ ತಂದ ಮೀನು ದಿನಗಟ್ಟಲೆ ಮರಳೊಳಗೇ ಉಳಿಯುವುದುಂಟು; ಸತ್ತಿತೆಂದು ಕೆದಕಬಾರದು. ಫೇರಿ ರ‍್ಯಾಸ್‌ಗಳು ಬೆದರಿದರೆ ನೀರಿನಿಂದಾಚೆ ನೆಗೆಯುತ್ತವೆ. ತೊಟ್ಟಿಗೆ ಬಲೆಯ ಮುಚ್ಚಳವಿಲ್ಲದಿದ್ದರೆ ಬೆಳಿಗ್ಗೆ ಒಣಗಿದ ಮೀನು ನೆಲದ ಮೇಲಿರುತ್ತದೆ.

ಕ್ಲೀನರ್ ರ‍್ಯಾಸ್ ಇನ್ನೊಂದು ಕಥೆ. ಹವಳದ ದಿಬ್ಬಗಳಲ್ಲಿ ಅದು ಬೇರೆ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿಂದು ಬದುಕುತ್ತದೆ. ಮನೆಯ ತೊಟ್ಟಿಯಲ್ಲಿ ಆ ಊಟ ಸಾಲದೆ ಸೊರಗಿ ಸಾಯುವುದೇ ಹೆಚ್ಚು. ಅದನ್ನು ಸಮುದ್ರದಲ್ಲೇ ಬಿಡುವುದು ಒಳ್ಳೆಯದು.

ಅಂಗಡಿಯವರು ಬೆಲೆಚೀಟಿಯ ಮೇಲೆ ಎರಡು ಸಾಲು ಹೆಚ್ಚಿಗೆ ಬರೆದರೆ ಸಾಕು: ವೈಜ್ಞಾನಿಕ ಹೆಸರು, ಬೆಳೆದಾಗಿನ ಉದ್ದ. ಅವೆರಡೂ ಇಲ್ಲದ ತೊಟ್ಟಿಯ ಮುಂದೆ ನಿಂತ ಗ್ರಾಹಕರು ದುಡ್ಡು ತೆಗೆಯುವ ಮೊದಲು ಕೇಳಿ ಬರೆಸಿಕೊಳ್ಳಲಿ.