ಪ್ರದರ್ಶನವೇ ಪರೀಕ್ಷೆಯಲ್ಲ

ಹೊಸ ಉಪಕರಣವೊಂದನ್ನು ಕೊಳ್ಳುವ ಮುನ್ನ ಅದನ್ನು ಬಳಸಿ ನೋಡಬೇಕೆಂಬ ಮಾತನ್ನು ಯಾರೂ ಅಲ್ಲಗಳೆಯಲಾರರು. ಆದರೆ ಬಳಸಿ ನೋಡುವುದೆಂದರೇನು, ಹಾಗೆ ನೋಡುವುದರಿಂದ ನಮಗೆ ತಿಳಿದುಬರುವುದೆಷ್ಟು, ತಿಳಿಯದೆ ಉಳಿಯುವುದೆಷ್ಟು ಎಂಬುದನ್ನು ವಿಚಾರಿಸುವವರು ವಿರಳ. ಈ ಸಣ್ಣ ಪ್ರಶ್ನೆಯ ಬೆನ್ನು ಹತ್ತಿದರೆ ವಿಜ್ಞಾನದ ಒಂದು ದೊಡ್ಡ ತತ್ತ್ವವೇ ನಮಗೆ ಎದುರಾಗುತ್ತದೆ. ಅದನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮಿಂದ ಬಹು ದೂರದ ಒಂದು ಉದಾಹರಣೆಯನ್ನು ನೋಡೋಣ. ಹಿಮ ಬೀಳುವ ದೇಶಗಳಲ್ಲಿ ಬೆಟ್ಟದ ಇಳಿಜಾರಿನ ಮೇಲೆ ಸ್ನೋಬೋರ್ಡ್ ಎಂಬ ಹಲಗೆಯನ್ನು ಕಾಲಿಗೆ ಬಿಗಿದುಕೊಂಡು ಜಾರುವ ಆಟವೊಂದುಂಟು. ಈ ಹಲಗೆ ಎರಡು ತುದಿಗಳಲ್ಲಿ ಅಗಲವಾಗಿಯೂ ನಡುವಿನಲ್ಲಿ ಕಿರಿದಾಗಿಯೂ ಇರುತ್ತದೆ. ಆದುದರಿಂದ ಅದರ ಅಂಚು ನೇರ ರೇಖೆಯಲ್ಲ, ಒಂದು ದೊಡ್ಡ ವೃತ್ತದ ತುಂಡು. ಆಟಗಾರನು ಹಲಗೆಯನ್ನು ಒಂದು ಪಕ್ಕಕ್ಕೆ ವಾಲಿಸಿದರೆ ಅದು ಬಾಗಿ, ಅದರ ಉಕ್ಕಿನ ಅಂಚು ಹಿಮದಲ್ಲಿ ತೆಳುವಾದ ಗೆರೆಯನ್ನು ಕೊರೆಯುತ್ತ ಕಮಾನಿನಂತೆ ತಿರುಗುತ್ತದೆ. ಅಂಚಿನ ವೃತ್ತದ ತ್ರಿಜ್ಯವನ್ನು ವಾಲುವಿಕೆಯ ಕೋನದ ಕೊಸೈನಿನಿಂದ ಗುಣಿಸಿದರೆ ತಿರುವಿನ ತ್ರಿಜ್ಯ ಸ್ಥೂಲವಾಗಿ ದೊರೆಯುತ್ತದೆ. ತ್ರಿಜ್ಯ 12 ಮೀಟರಿನ ಹಲಗೆಯನ್ನು 60 ಡಿಗ್ರಿ ವಾಲಿಸಿದರೆ ತಿರುವು 6 ಮೀಟರಿನದಾಗುತ್ತದೆ. ತ್ರಿಕೋಣಮಿತಿಯನ್ನು ಬರಿಯ ಪರೀಕ್ಷೆಗಾಗಿ ಓದುವವರು ಇದನ್ನು ಗಮನಿಸಬೇಕು.

ಇಂಥ ಹಲಗೆಗಳನ್ನು ತಯಾರಿಸುವವರು ವರ್ಷಕ್ಕೊಮ್ಮೆ ಬೆಟ್ಟದ ಬುಡದಲ್ಲಿ ಡೇರೆ ಹೂಡಿ, ಬಂದವರಿಗೆ ತಮ್ಮ ಹಲಗೆಗಳನ್ನು ಒಂದು ದಿನದ ಮಟ್ಟಿಗೆ ಬಳಸಿ ನೋಡಲು ಕೊಡುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು, ಸಂಜೆಗೆ ಮತ್ತೊಂದು ಹಲಗೆಯ ಮೇಲೆ ಜಾರಿ ಆಟಗಾರನು ತನಗೆ ಒಗ್ಗಿದುದನ್ನು ಆರಿಸಿಕೊಳ್ಳುತ್ತಾನೆ. ಆದರೆ ಬೆಳಿಗ್ಗೆ ಕಲ್ಲಿನಂತೆ ಗಟ್ಟಿಯಾಗಿದ್ದ ಹಿಮ ಬಿಸಿಲೇರಿದಂತೆ ಮೆತ್ತಗಾಗಿ ಮಧ್ಯಾಹ್ನಕ್ಕೆ ಕೆಸರಿನಂತಾಗಿರುತ್ತದೆ. ಒಂದು ಹಲಗೆಯ ಅಂಚನ್ನು ಆಗತಾನೆ ಮಸೆದಿರಬಹುದು. ಇನ್ನೊಂದರ ಅಂಚು ಹತ್ತು ಜನರ ಕಾಲಡಿ ಸವೆದಿರಬಹುದು. ಆಟಗಾರನ ಕಾಲುಗಳೂ ಸಂಜೆಯ ವೇಳೆಗೆ ದಣಿದಿರುತ್ತವೆ. ಹೀಗಿರುವಲ್ಲಿ ಅವನು ಮೆಚ್ಚಿದುದು ಹಲಗೆಯನ್ನೋ, ಬೆಳಗಿನ ಹಿಮವನ್ನೋ?

ಹಿಮವನ್ನೇ ಕಾಣದ ನಮಗೆ ಇದರಿಂದ ಏನಾಗಬೇಕು ಎಂದು ಕೂಡ್ಲಿಗಿಯ ಅಥವಾ ಹಡಗಲಿಯ ವಿದ್ಯಾರ್ಥಿಯು ಕೇಳಬಹುದು. ಆಗಬೇಕಾದುದು ಬಹಳವಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳಲ್ಲಿಯೂ ನೆಲದ ಮೇಲೆ ಗೆರೆ ಕೊರೆಯುವ ಒಂದು ಉಪಕರಣವುಂಟು. ಅದು ಆಟದ ಸಾಮಾನಲ್ಲ, ಅನ್ನದ ಸಾಮಾನು. ಅದೇ ಕೂರಿಗೆ.

ಕೂರಿಗೆಯನ್ನು ಬಲ್ಲವರಿಗೆ ಅದರ ವರ್ಣನೆ ಬೇಕಿಲ್ಲ. ಪಟ್ಟಣದ ಓದುಗರಿಗಾಗಿ ಎರಡು ಮಾತು. ಒಂದು ಮರದ ದಿಂಡು. ಅದಕ್ಕೆ ಸಮಾನ ಅಂತರದಲ್ಲಿ ಹೊಂದಿಸಿದ ತಾಳುಗಳು. ಪ್ರತಿ ತಾಳಿನ ಹಿಂದೆ ಬಿದಿರಿನ ಕೊಳವೆ. ಕೊಳವೆಗಳೆಲ್ಲ ಮೇಲೆ ಕೂಡುವೆಡೆಯಲ್ಲಿ ಒಂದು ಬಟ್ಟಲು. ಎತ್ತುಗಳು ಎಳೆದಂತೆ ತಾಳುಗಳು ನೆಲವನ್ನು ಸೀಳುತ್ತವೆ. ಬಿತ್ತುವವರು ಬಟ್ಟಲಿಗೆ ಬಿಟ್ಟ ಕಾಳು ಹಂಚಿಹೋಗಿ ಸಾಲುಸಾಲಾಗಿ ತೇವದ ಮಣ್ಣಿಗೆ ಇಳಿಯುತ್ತದೆ. ಇಂಗ್ಲೆಂಡಿನಲ್ಲಿ ಜೆತ್ರೋ ಟಲ್ ಎಂಬಾತನು ಬಿತ್ತನೆಯ ಯಂತ್ರವನ್ನು ರಚಿಸಿದುದು 1701ರ ಸುಮಾರಿಗೆ. ಅದಾದ ಸುಮಾರು ನೂರು ವರ್ಷಗಳಿಗೆ, 1790ರ ದಶಕದಲ್ಲಿ, ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಹಾಲ್ಕಾಟ್ ಎಂಬ ಆಂಗ್ಲ ಅಧಿಕಾರಿಯು ಇಲ್ಲಿಯ ರೈತರ ಕೂರಿಗೆಯನ್ನು ಕಂಡು ಬೆರಗಾದನು. ಸಾಲುಬಿತ್ತನೆಯು ಯೂರೋಪಿನ ಹೊಸ ಶೋಧವೆಂದು ಅದುವರೆಗೆ ಆತನು ನಂಬಿದ್ದನು. ಇಲ್ಲಿ ಅದು ತಲೆತಲಾಂತರದಿಂದ ಬಂದ ರೂಢಿಯೆಂದು ತಿಳಿದು, ಕೂರಿಗೆಯ ವಿವರಗಳನ್ನು ತನ್ನ ದೇಶಕ್ಕೆ ಬರೆದು ಕಳುಹಿಸಿದನು.

ಈ ಕೂರಿಗೆಗೆ ಇಂದು ಪ್ರತಿಸ್ಪರ್ಧಿಗಳು ಅನೇಕ. ಟ್ರ್ಯಾಕ್ಟರಿಗೆ ಜೋಡಿಸುವ, ಬೀಜ ಮತ್ತು ಗೊಬ್ಬರಗಳನ್ನು ಒಟ್ಟಿಗೆ ಬೀಳಿಸುವ ಕೂರಿಗೆಗಳು ಬಂದಿವೆ. ಕೆಲವುಗಳಲ್ಲಿ ಹಲ್ಲುಗಳುಳ್ಳ ಉರುಳೆಯೂ ಕೆಲವುಗಳಲ್ಲಿ ಗುಳಿಗಳುಳ್ಳ ತಟ್ಟೆಯೂ ಕಾಳನ್ನು ಅಳೆದು ಬಿಡುತ್ತವೆ. ಮುಂಗಾರಿಗೆ ಮುಂಚೆ ಇವುಗಳ ಪ್ರದರ್ಶನಗಳು ಊರೂರಲ್ಲಿ ನಡೆಯುತ್ತವೆ. ಅಂಥ ಒಂದು ಪ್ರದರ್ಶನವನ್ನು ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಣ ಒಂದು ಗ್ರಾಮದಲ್ಲಿ ನಾವು ನೋಡಿದೆವು.

ಹಿಂದಿನ ರಾತ್ರಿ ಒಳ್ಳೆಯ ಮಳೆಯಾಗಿತ್ತು. ರಸ್ತೆಗೆ ತಾಗಿದ ಮಸಾರಿ ಹೊಲ. ಶಾಮಿಯಾನ, ಕುರ್ಚಿ, ಧ್ವನಿವರ್ಧಕ ಎಲ್ಲವೂ ಇದ್ದವು. ಬೆಳಿಗ್ಗೆ ಹೊಸ ಯಂತ್ರವನ್ನು ಚೆನ್ನಾಗಿ ಹರಗಿದ ಪಟ್ಟಿಯಲ್ಲಿ ಓಡಿಸಿ ಶೇಂಗಾ ಬಿತ್ತಿದರು. ಸಾಲುಗಳು ದಾರ ಹಿಡಿದಂತೆ ಬಂದವು, ಜನ ಮೆಚ್ಚಿದರು. ಭಾಷಣಗಳಾದುವು, ಊಟವಾಯಿತು. ಬಿಸಿಲು ನೆತ್ತಿಯನ್ನು ದಾಟಿದ ಮೇಲೆ ಹೊಲದ ಆಚೆಯ ಅಂಚಿನಲ್ಲಿ, ಒಂದೇ ಸಲ ಕುಂಟೆ ಹೊಡೆದಿದ್ದ ಪಟ್ಟಿಯಲ್ಲಿ, ಎತ್ತಿನ ಕೂರಿಗೆಯನ್ನು ಹೂಡಿದರು. ಅಷ್ಟರಲ್ಲಿ ಮೇಲ್ಮಣ್ಣು ಒಣಗಿ ಹೆಂಟೆ ಏಳುತ್ತಿತ್ತು; ಕಾಳುಗಳು ಕೆಲವೆಡೆ ಮೇಲೆಯೇ ಉಳಿದವು. ಧ್ವನಿವರ್ಧಕವು ಫಲಿತಾಂಶವನ್ನು ಸಾರಿತು. ನಮ್ಮ ಪಕ್ಕದಲ್ಲಿ ನಿಂತಿದ್ದ ವೃದ್ಧ ರೈತರೊಬ್ಬರು ಒಂದು ಹಿಡಿ ಮಣ್ಣನ್ನು ಹಿಸುಕಿ ತೋರಿಸಿ, "ಅದು ಹಸಿ ಇದ್ದಾಗ ಬಿತ್ತಿದ್ದು, ಇದು ಆರಿದ ಮ್ಯಾಲೆ ಬಿತ್ತಿದ್ದು. ಕೂರಿಗೀದು ಏನು ತಪ್ಪು ರೀ ಸರ?" ಎಂದರು.

ಅವರು ಶಾಲೆಯ ಮೆಟ್ಟಿಲು ಹತ್ತಿದ್ದರೋ ಇಲ್ಲವೋ ನಾವು ಕೇಳಲಿಲ್ಲ. ಆದರೆ ಅಂದು ಅಲ್ಲಿ ನೆರೆದಿದ್ದವರಲ್ಲಿ ಪ್ರಯೋಗದ ಮೂಲಸೂತ್ರವನ್ನು ಅರಿತಿದ್ದವರು ಅವರೇ ಎಂಬುದರಲ್ಲಿ ಸಂಶಯವಿಲ್ಲ. ಎರಡು ವಸ್ತುಗಳನ್ನು ಹೋಲಿಸಬೇಕಾದರೆ ಅವೆರಡನ್ನುಳಿದು ಮಿಕ್ಕೆಲ್ಲವೂ ಸಮನಾಗಿರಬೇಕು. ಹದ ಬೇರೆ, ಹರಗಿದ್ದು ಬೇರೆ, ಹೊತ್ತು ಬೇರೆಯಾದರೆ ಹೋಲಿಕೆಯಾದುದು ಯಂತ್ರಗಳಲ್ಲ.

ಇಲ್ಲಿ ಒಂದು ತೊಡಕಿದೆ. ಮಿಕ್ಕೆಲ್ಲವನ್ನೂ ಸಮನಾಗಿಸುವುದು ಹೊಲದಲ್ಲಿ ಅಸಾಧ್ಯ. ಒಂದೇ ಹೊಲದಲ್ಲಿ ಬದುವಿನ ಬಳಿ ಮಣ್ಣು ಆಳ, ದಿಬ್ಬದ ಮೇಲೆ ತೆಳು. ಒಂದು ಮೂಲೆಯಲ್ಲಿ ಕುರಿ ನಿಲ್ಲಿಸಿದ್ದರಿಂದ ಗೊಬ್ಬರ ಹೆಚ್ಚು. ಇದಕ್ಕೆ ಪರಿಹಾರವನ್ನು ಸೂಚಿಸಿದವನು ರೊನಾಲ್ಡ್ ಫಿಷರ್. ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾಲಯಕ್ಕೆ 1919ರಲ್ಲಿ ಸೇರಿದ ಈ ಗಣಿತಜ್ಞನು ಹೊಲವನ್ನು ಸಣ್ಣ ಪಟ್ಟಿಗಳಾಗಿ ವಿಂಗಡಿಸಿ, ಯಾವ ಪಟ್ಟಿಗೆ ಯಾವ ಉಪಚಾರವೆಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕೆಂದೂ ಅದನ್ನು ಅನೇಕ ಬಾರಿ ಆವರ್ತಿಸಬೇಕೆಂದೂ ತೋರಿಸಿಕೊಟ್ಟನು. 1935ರಲ್ಲಿ ಈ ವಿಷಯವಾಗಿಯೇ ಒಂದು ಗ್ರಂಥವನ್ನು ಪ್ರಕಟಿಸಿದನು. ನೆಲದ ತಾರತಮ್ಯ ಅಳಿಯುವುದಿಲ್ಲ; ಆದರೆ ಅದು ಯಾರ ಪಕ್ಷವನ್ನೂ ವಹಿಸದಂತಾಗುತ್ತದೆ. ಭಾರತದಲ್ಲಿ 1931ರಲ್ಲಿ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಮಹಾಲನೋಬಿಸರು ಈ ಶಾಸ್ತ್ರವನ್ನು ಇಲ್ಲಿ ಬೆಳೆಸಿದರು.

ಆವರ್ತನೆಯ ಬಲವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಎರಡು ಕೂರಿಗೆಗಳು ನಿಜವಾಗಿ ಸಮಾನವೇ ಆಗಿವೆಯೆಂದು ಭಾವಿಸಿ. ಒಂದು ಜೊತೆ ಪಟ್ಟಿಗಳಲ್ಲಿ ಮೊದಲನೆಯದು ಆಕಸ್ಮಿಕವಾಗಿ ಗೆಲ್ಲುವ ಸಂಭವ ಎರಡರಲ್ಲಿ ಒಂದು — ನಾಣ್ಯ ಚಿಮ್ಮಿದಷ್ಟೇ ಸಾಕ್ಷ್ಯ. ಆರು ಜೊತೆ ಪಟ್ಟಿಗಳಲ್ಲಿಯೂ ಅದೇ ಆಕಸ್ಮಿಕವಾಗಿ ಗೆಲ್ಲುವ ಸಂಭವ 64ರಲ್ಲಿ ಒಂದು ಮಾತ್ರ. ನಾವು ಕಂಡ ಪ್ರದರ್ಶನದಲ್ಲಿ ಇದ್ದುದು ಒಂದೇ ಜೊತೆ. ಅದೂ ಸಮವಲ್ಲದ ಜೊತೆ.

ಕೂರಿಗೆಯೇ ಮೇಲೆಂದು ವಾದಿಸುವುದು ನಮ್ಮ ಉದ್ದೇಶವಲ್ಲ. ಎತ್ತಿನ ಜೋಡಿ ಸಾಕುವುದು ಈಗ ಸುಲಭವಲ್ಲ. ಒಂದೇ ಸಮನಾಗಿ ಕಾಳು ಬಿಡುವ ಕೈ ಎಲ್ಲರದಲ್ಲ. ಆ ಕೆಲಸವನ್ನು ಬಹುಪಾಲು ಮಾಡುತ್ತ ಬಂದ ಹೆಂಗಸರ ಕುಶಲತೆಗೆ ತಕ್ಕ ಕೂಲಿಯೂ ದೊರೆತಿಲ್ಲ. ಮುಖ್ಯವಾಗಿ, ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆಯಾಗುವ, ಅದೂ ಬಿಟ್ಟುಬಿಟ್ಟು ಬೀಳುವ ಈ ಸೀಮೆಯಲ್ಲಿ ಹದ ನಿಲ್ಲುವುದು ಕೆಲವೇ ದಿನ. ಆ ಅವಧಿಯಲ್ಲಿ ಹೆಚ್ಚು ನೆಲವನ್ನು ಬಿತ್ತಬಲ್ಲ ಯಂತ್ರಕ್ಕೆ ನಿಜವಾದ ಬೆಲೆಯುಂಟು. ಆದರೆ ಯಂತ್ರಕ್ಕೂ ಅದರದೇ ದೋಷಗಳುಂಟು. ಕಾಳನ್ನು ಬಿಡುವ ಉರುಳೆಯು ನೆಲದ ಮೇಲೆ ಉರುಳುವ ಚಕ್ರದಿಂದ ತಿರುಗುತ್ತದೆ. ಸಡಿಲ ಮಣ್ಣಿನಲ್ಲಿ ಚಕ್ರವು ಉರುಳದೆ ಜಾರಿದರೆ ಅಷ್ಟು ದೂರ ಸಾಲು ಬರಿದು. ಚಾಲಕನು ವೇಗ ಹೆಚ್ಚಿಸಿದರೆ ತಟ್ಟೆಯ ಗುಳಿಗಳು ತುಂಬದೆ ಹೋಗುತ್ತವೆ. ಹಸಿ ಎರೆಯ ಮಣ್ಣು ಕೊಳವೆಯ ಬಾಯಿಗೆ ಮೆತ್ತಿಕೊಳ್ಳುತ್ತದೆ. ಮಸಾರಿಯಲ್ಲಿ ಬಿತ್ತಿದ ಮೇಲೆ ಬಿರುಮಳೆ ಹೊಡೆದರೆ ಮೇಲೆ ಗಟ್ಟಿ ಪದರ ಕಟ್ಟಿ, ಆಳಕ್ಕೆ ಬಿದ್ದ ಸಣ್ಣ ಕಾಳಿನ ಮೊಳಕೆ ಹೊರಬರಲಾರದು. ಹಡಗಲಿಯ ಎರೆಭೂಮಿಯಲ್ಲಿ ಗೆದ್ದುದು ಕೂಡ್ಲಿಗಿಯ ಮಸಾರಿಯಲ್ಲಿ ಗೆದ್ದೇ ತೀರುವುದೆಂಬ ನಿಯಮವಿಲ್ಲ. ಈ ಐದು ತಾಲ್ಲೂಕುಗಳು ಮದರಾಸು ಪ್ರಾಂತಕ್ಕೆ ಸೇರಿದ್ದ 1930ರ ದಶಕದಲ್ಲಿಯೇ ಒಣಬೇಸಾಯದ ಪ್ರಯೋಗಗಳನ್ನು ಸೊಲ್ಲಾಪುರ, ಬಿಜಾಪುರ, ರಾಯಚೂರು, ರೋಹ್ಟಕ್‌ಗಳಲ್ಲಲ್ಲದೆ ಬಳ್ಳಾರಿಯ ಬಳಿಯ ಹಗರಿಯಲ್ಲಿಯೂ ಬೇರೆಯಾಗಿ ನಡೆಸಿದುದು ಸುಮ್ಮನೆ ಅಲ್ಲ. ನೆಲ ಬದಲಾದರೆ ಉತ್ತರವೂ ಬದಲಾಗಬಹುದೆಂಬ ಎಚ್ಚರ ಅದರ ಹಿಂದೆ ಇತ್ತು.

ಅಂದಿನ ಪ್ರದರ್ಶನದ ದೊಡ್ಡ ಲೋಪ ಇನ್ನೊಂದಿದೆ. ಬಿತ್ತನೆಯ ಫಲಿತಾಂಶ ಬಿತ್ತಿದ ದಿನ ತಿಳಿಯತಕ್ಕದ್ದಲ್ಲ. ಎರಡು ವಾರಗಳ ಮೇಲೆ ಎಷ್ಟು ಸಸಿಗಳು ಎದ್ದಿವೆ, ಸಾಲಿನಲ್ಲಿ ಎಷ್ಟು ತೆರವು ಬಿದ್ದಿದೆ ಎಂಬುದೇ ತೀರ್ಪು. ಶಾಮಿಯಾನ ಕಿತ್ತ ಮೇಲೆ ಸಸಿ ಎಣಿಸಲು ಯಾರೂ ಬರಲಿಲ್ಲವೆಂದು ಆಮೇಲೆ ತಿಳಿಯಿತು. ಟೀಕಿಸುವ ನಾವಾದರೂ ಹೋಗಿ ಎಣಿಸಿದೆವೇ? ಇಲ್ಲ. ಆ ತಪ್ಪಿನಲ್ಲಿ ನಮಗೂ ಪಾಲುಂಟು.

ಈ ಎಣಿಕೆಯ ಕೆಲಸವನ್ನು ಪ್ರೌಢಶಾಲೆಗಳ ಮತ್ತು ಕಾಲೇಜುಗಳ ವಿದ್ಯಾರ್ಥಿಗಳು ವಹಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಪ್ರಯೋಗಾಲಯ ಬೇಡ. ಅಳತೆಯ ಟೇಪು, ತಕ್ಕಡಿ, ನೋಟುಬುಕ್ಕು ಸಾಕು. ಬಿತ್ತುವ ಮುನ್ನವೇ ಯಂತ್ರವನ್ನು ಪರೀಕ್ಷಿಸಬಹುದು. ಅದರ ಚಕ್ರದ ವ್ಯಾಸ 50 ಸೆಂಟಿಮೀಟರು ಎನ್ನೋಣ. ಒಂದು ಸುತ್ತಿಗೆ ಅದು 1.57 ಮೀಟರು ಸಾಗುತ್ತದೆ. 30 ಸೆಂಟಿಮೀಟರು ಅಂತರದ ಒಂಬತ್ತು ಸಾಲುಗಳಾದರೆ ಅಗಲ 2.7 ಮೀಟರು. ಇಪ್ಪತ್ತು ಸುತ್ತಿಗೆ ಬಿತ್ತನೆಯಾಗುವ ನೆಲ ಸುಮಾರು 85 ಚದರ ಮೀಟರು. ಎಕರೆಗೆ, ಎಂದರೆ 4,047 ಚದರ ಮೀಟರಿಗೆ, 48 ಕಿಲೋಗ್ರಾಂ ಶೇಂಗಾ ಬೀಜ ಬೀಳಬೇಕೆಂದು ಇಟ್ಟುಕೊಂಡರೆ, ಯಂತ್ರವನ್ನು ಎತ್ತಿ ನಿಲ್ಲಿಸಿ ಚಕ್ರವನ್ನು ಕೈಯಿಂದ ಇಪ್ಪತ್ತು ಸುತ್ತು ತಿರುಗಿಸಿದಾಗ ಕೊಳವೆಗಳಿಂದ ಒಟ್ಟು ಸುಮಾರು ಒಂದು ಕಿಲೋಗ್ರಾಂ ಬೀಜ ಬೀಳತಕ್ಕದ್ದು. ಒಂಬತ್ತು ಕೊಳವೆಗಳ ಬೀಜವನ್ನು ಬೇರೆಬೇರೆಯಾಗಿ ತೂಗಿದರೆ ಯಾವ ಸಾಲು ಹಸಿದಿದೆ, ಯಾವುದು ಉಕ್ಕಿದೆ ಎಂಬುದೂ ಗೊತ್ತಾಗುತ್ತದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಅರ್ಧ ಗಂಟೆಯಲ್ಲಿ ಮಾಡಬಹುದಾದ ಈ ಲೆಕ್ಕ, ಭಾಷಣಗಳಿಗಿಂತ ಹೆಚ್ಚಿನದನ್ನು ರೈತನಿಗೆ ತಿಳಿಸೀತು.

ಪ್ರದರ್ಶನ ನಡೆಸುವವರಲ್ಲಿ ನಮ್ಮ ಬಿನ್ನಹ ಇಷ್ಟೆ. ಎಲ್ಲ ಉಪಕರಣಗಳನ್ನೂ ಒಂದೇ ಹದದಲ್ಲಿ, ಒಂದೇ ಹೊತ್ತಿನಲ್ಲಿ, ಚೀಟಿಯಿಂದ ಆರಿಸಿದ ಪಟ್ಟಿಗಳಲ್ಲಿ ಹೂಡಿರಿ. ಪ್ರತಿಯೊಂದಕ್ಕೂ ಕನಿಷ್ಠ ಆರು ಪಟ್ಟಿ ಇರಲಿ. ಕೂರಿಗೆಯನ್ನು ಅದರಲ್ಲಿ ನುರಿತವರ ಕೈಗೇ ಕೊಡಿರಿ. ಎರಡು ವಾರಗಳ ಮೇಲೆ ಸಸಿ ಎಣಿಸಲು ಅದೇ ಊರಿನ ಶಾಲೆಯ ಮಕ್ಕಳನ್ನು ಕರೆಯಿರಿ. ಯಾವ ಪಟ್ಟಿ ಯಾವ ಯಂತ್ರದ್ದೆಂಬುದನ್ನು ಎಣಿಕೆ ಮುಗಿಯುವ ತನಕ ಅವರಿಗೆ ಹೇಳಬೇಡಿರಿ. ಒಳ್ಳೆಯ ಯಂತ್ರಕ್ಕೆ ಇದರಿಂದ ನಷ್ಟವೇನೂ ಇಲ್ಲ.

ಹಿಮದ ಮೇಲಿನ ಆಟಗಾರನು ತಪ್ಪು ಹಲಗೆಯನ್ನು ಕೊಂಡರೆ ಅವನ ಒಂದು ಚಳಿಗಾಲದ ಸಂತೋಷ ಕೆಟ್ಟೀತು. ನಾಲ್ಕೆಕರೆಯ ರೈತನು ಸಾಲ ಮಾಡಿ ತಪ್ಪು ಯಂತ್ರವನ್ನು ಕೊಂಡರೆ, ಅಥವಾ ಅದನ್ನು ಬಾಡಿಗೆಗೆ ತಂದು ಹದವಿದ್ದ ದಿನಗಳಲ್ಲಿ ಬರಿದು ಸಾಲುಗಳನ್ನು ಬಿತ್ತಿದರೆ, ಹೋಗುವುದು ಆ ವರ್ಷದ ಮಳೆ. ಮರುಬಿತ್ತನೆಗೆ ಬೀಜ ಸಿಕ್ಕೀತು. ಹೋದ ಮಳೆ ಮರಳಿ ಸಿಗದು. ಆದುದರಿಂದ ಮುಂದಿನ ಮುಂಗಾರಿನಲ್ಲಿ ನಿಮ್ಮ ಊರಿನ ಹೊಲದಲ್ಲಿ ಇಂಥ ಶಾಮಿಯಾನ ಎದ್ದಾಗ, ವಿದ್ಯಾರ್ಥಿ ಮಿತ್ರರೇ, ಚಪ್ಪಾಳೆ ತಟ್ಟುವ ಮುನ್ನ ಒಂದು ಹಿಡಿ ಮಣ್ಣನ್ನು ಹಿಸುಕಿ ನೋಡಿರಿ. ಎರಡು ವಾರ ಕಳೆದ ಮೇಲೆ ಹೋಗಿ ಸಸಿಗಳನ್ನು ಎಣಿಸಿರಿ.