ಏಪ್ರಿಲ್ 1ರ ಆಚೆ ಈಚೆ

ಕರ್ನಾಟಕದ ಸರ್ಕಾರಿ ಶಾಲೆಯೊಂದರ ಶಿಕ್ಷಕರ ಕೊಠಡಿಯಲ್ಲಿ ಒಂದೇ ಕೆಲಸ ಮಾಡುವ, ಒಂದೇ ವೇತನ ಶ್ರೇಣಿಯ ಇಬ್ಬರು ಅಕ್ಕಪಕ್ಕ ಕೂತಿರಬಹುದು. 2006ರ ಮಾರ್ಚ್‌ನಲ್ಲಿ ಸೇವೆಗೆ ಸೇರಿದವರಿಗೆ, ಪೂರ್ಣಾವಧಿ ದುಡಿದರೆ, ಕೊನೆಯ ಮೂಲ ವೇತನದ ಅರ್ಧದಷ್ಟು ಪಿಂಚಣಿ. ಬೆಲೆ ಏರಿದಂತೆ ಅದರ ಮೇಲೆ ತುಟ್ಟಿಭತ್ಯೆ. ಆ ವರ್ಷದ ಏಪ್ರಿಲ್ 1ರಿಂದ ಬಂದವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್. ತಿಂಗಳು ತಿಂಗಳು ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10ರಷ್ಟು ಕಡಿತವಾಗುತ್ತದೆ, ಸರ್ಕಾರ ತನ್ನ ಪಾಲು ಸೇರಿಸುತ್ತದೆ, ಹಣ ಷೇರು ಮತ್ತು ಬಾಂಡ್‌ಗಳಿಗೆ ಹೋಗುತ್ತದೆ. ನಿವೃತ್ತಿಯ ದಿನ ಇಡುಗಂಟಿನ ಕನಿಷ್ಠ ಶೇ 40ರಷ್ಟರಲ್ಲಿ ವರ್ಷಾಶನ ಕೊಳ್ಳಬೇಕು. ಅದರಿಂದ ಎಷ್ಟು ಬರುತ್ತದೆಂದು ಯಾರೂ ಖಾತರಿ ಕೊಡುವುದಿಲ್ಲ. ಬಂದದ್ದಕ್ಕೆ ತುಟ್ಟಿಭತ್ಯೆಯೂ ಸೇರುವುದಿಲ್ಲ.

ಪಿಂಚಣಿ ಸರ್ಕಾರ ಮನಸ್ಸು ಬಂದಾಗ ಕೊಡುವ ಉಡುಗೊರೆಯಲ್ಲ, ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1982ರ ಡಿಸೆಂಬರ್ 17ರಂದು. ಪಿಂಚಣಿದಾರರು ಇಂದಿಗೂ ಆ ದಿನವನ್ನು ಆಚರಿಸುತ್ತಾರೆ. ಎನ್‌ಪಿಎಸ್‌ ಬಂದಾಗ ಕತ್ತರಿ ಬಿದ್ದದ್ದು ಇನ್ನೂ ನೌಕರಿಗೇ ಸೇರದವರ ಪಾಲಿಗೆ. ಪ್ರತಿಭಟಿಸಲು ಅವರು ಸಂಘದಲ್ಲಿ ಇರಲೇ ಇಲ್ಲ! ಅವರು ಸೇವೆಗೆ ಬಂದು, ಸಂಖ್ಯೆಯಲ್ಲಿ ಬೆಳೆದ ಮೇಲೆಯೇ ಕೂಗು ಎದ್ದಿತು. 2022ರ ಹಿಮಾಚಲ ಪ್ರದೇಶದ ಚುನಾವಣೆಯಲ್ಲಿ ಹಳೆ ಪಿಂಚಣಿ ದೊಡ್ಡ ವಿಷಯವಾಯಿತು. 2023ರ ಮಾರ್ಚ್ 1ರಂದು ಕರ್ನಾಟಕದ ನೌಕರರು ವೇತನ ಏರಿಕೆಯನ್ನೂ ಹಳೆ ಪಿಂಚಣಿಯನ್ನೂ ಕೇಳಿ ಮುಷ್ಕರ ಹೂಡಿದಾಗ ಶೇ 17ರ ಮಧ್ಯಂತರ ಪರಿಹಾರ ಅಂದೇ ಘೋಷಣೆಯಾಯಿತು. ಪಿಂಚಣಿಯ ಪ್ರಶ್ನೆ ಮಾತ್ರ ಸಮಿತಿಗೆ ಹೋಯಿತು.

ಖಜಾನೆಯ ಚಿಂತೆ ಸುಳ್ಳಲ್ಲ. ಎಲ್ಲ ರಾಜ್ಯಗಳೂ ಹಳೆಯ ಪದ್ಧತಿಗೆ ಮರಳಿದರೆ ಹೊರೆ ಎನ್‌ಪಿಎಸ್‌ನ ನಾಲ್ಕೂವರೆ ಪಟ್ಟು ಆದೀತು ಎಂದು ರಿಸರ್ವ್ ಬ್ಯಾಂಕಿನ ಅಧ್ಯಯನವೊಂದು 2023ರಲ್ಲಿ ಅಂದಾಜಿಸಿತ್ತು. ಸಂಘಟನೆಗಳು ಈ ಲೆಕ್ಕಕ್ಕೆ ಮುಖಾಮುಖಿಯಾಗಲೇಬೇಕು. ಆದರೆ ಹೊರೆ ದೊಡ್ಡದು ಎಂದ ಮಾತ್ರಕ್ಕೆ ಮಾರುಕಟ್ಟೆಯ ಏರಿಳಿತವನ್ನೆಲ್ಲ ಅರವತ್ತು ದಾಟಿದ ಗುಮಾಸ್ತರ, ದಾದಿಯರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಂಥ ಏಟು ತಡೆದುಕೊಳ್ಳುವ ಶಕ್ತಿ ಇರುವುದು ಸರ್ಕಾರಕ್ಕೆ.

ಕೇಂದ್ರ ಇದನ್ನು ಅರ್ಧದಷ್ಟಾದರೂ ಒಪ್ಪಿಕೊಂಡಿದೆ. 2025ರ ಏಪ್ರಿಲ್ 1ರಿಂದ ಜಾರಿಯಾದ ಏಕೀಕೃತ ಪಿಂಚಣಿ ಯೋಜನೆಯಲ್ಲಿ 25 ವರ್ಷ ದುಡಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧದಷ್ಟು ಖಾತರಿ. 10 ವರ್ಷ ದುಡಿದವರಿಗೆ ಕನಿಷ್ಠ 10,000 ರೂಪಾಯಿ. ಹಳೆಯ ಪಿಂಚಣಿಗೆ ಸಂಬಳದಿಂದ ಏನೂ ಕಡಿತವಿರಲಿಲ್ಲ, ಇಲ್ಲಿ ಶೇ 10 ಹೋಗುತ್ತಲೇ ಇರುತ್ತದೆ ಎಂಬ ಸಂಘಟನೆಗಳ ತಕರಾರು ನಿಜ. ಹಾಗಿದ್ದರೂ ವಂತಿಗೆಯ ಜೊತೆಗೆ ಖಾತರಿ ಎಂಬ ದಾರಿಯೇ ಸರಿ. ಪೂರ್ಣ ಪಿಂಚಣಿಗೆ ಬೇಕಾದ ಸೇವಾವಧಿ ಇಳಿಯಬೇಕು. ಚೌಕಾಸಿ ನಡೆಯಬೇಕಾದದ್ದು ಅಲ್ಲಿ.

ವೃದ್ಧರ ಪಿಂಚಣಿ ಯೋಜನೆಯಾದ ಸಂಧ್ಯಾ ಸುರಕ್ಷಾದ 1,200 ರೂಪಾಯಿಯಲ್ಲಿ ತಿಂಗಳು ನೂಕುವ ಹಿರಿಯರಿಗೆ ಈ ಜಗಳ ಉಳ್ಳವರದೆಂದು ಕಂಡರೆ ತಪ್ಪಲ್ಲ. ಅವರ ಮೊತ್ತ ಏರಬೇಕೆಂಬ ಬೇಡಿಕೆಯನ್ನು ನೌಕರರ ಸಂಘಗಳು ತಮ್ಮ ಮನವಿಪತ್ರದಲ್ಲೇ ಸೇರಿಸಲಿ.

ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗೆ ಮುಂಚೆಯೇ ಹೊರಟಿದ್ದು, ಆಮೇಲೆ ಸೇವೆಗೆ ಸೇರಿದ ಸುಮಾರು 13,000 ಮಂದಿಗೆ ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಹಳೆ ಪಿಂಚಣಿ ಕೊಟ್ಟಿತು. ಉಳಿದವರ ಪೈಕಿ 35ನೇ ವಯಸ್ಸಿನಲ್ಲಿ ಮೊದಲ ತಂಡದಲ್ಲಿ ಸೇರಿದವರು 2031ಕ್ಕೆ ಮನೆಗೆ ಹೋಗುತ್ತಾರೆ. ಅವರಿಗೆ ಖಾತರಿಯಾಗಿ ಸಿಗುವುದೆಷ್ಟು, ಅದಕ್ಕೆ ಖಜಾನೆ ತೆರಬೇಕಾದದ್ದೆಷ್ಟು ಎಂಬ ಅಂಕಿಗಳನ್ನು ಸರ್ಕಾರ ಮುಂದಿನ ಬಜೆಟ್‌ನಲ್ಲೇ ವಿಧಾನಮಂಡಲದ ಮುಂದಿಡಬೇಕು.