ಬೆಳೆಯುವ ಮಕ್ಕಳ ಬೆನ್ನು ಓರೆಯಾದಾಗ

ಹೊಸದಾಗಿ ಹೊಲಿಸಿದ ಲಂಗದ ಅಂಚು ಒಂದು ಬದಿಗೆ ಮೇಲೆ, ಇನ್ನೊಂದು ಬದಿಗೆ ಕೆಳಗೆ ಕಂಡರೆ ನಾವು ದರ್ಜಿಯನ್ನು ಬೈಯುತ್ತೇವೆ. ಮಗಳ ಒಂದು ಭುಜ ಎತ್ತರವಾಗಿ ಕಂಡರೆ 'ನೆಟ್ಟಗೆ ನಿಲ್ಲೇ' ಎಂದು ಗದರುತ್ತೇವೆ. ಆದರೆ ಕೆಲವು ಸಲ ತಪ್ಪು ದರ್ಜಿಯದೂ ಅಲ್ಲ, ಮಗುವಿನದೂ ಅಲ್ಲ. ಬೆನ್ನುಮೂಳೆಯೇ ಪಕ್ಕಕ್ಕೆ ಬಾಗಿರುತ್ತದೆ. ವೈದ್ಯರು ಇದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ.

ಹಿಂದಿನಿಂದ ನೋಡಿದರೆ ಬೆನ್ನುಮೂಳೆ ನೇರವಾಗಿರಬೇಕು. ಸ್ಕೋಲಿಯೋಸಿಸ್‌ನಲ್ಲಿ ಅದು ಓರೆಯಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ. ಅದರೊಂದಿಗೆ ಪಕ್ಕೆಲುಬುಗಳೂ ತಿರುಗಿ ಬೆನ್ನಿನ ಒಂದು ಬದಿ ಉಬ್ಬುತ್ತದೆ. ಹದಿಹರೆಯದ ನೂರು ಮಕ್ಕಳಲ್ಲಿ ಇಬ್ಬರು ಮೂವರಲ್ಲಿ ಇದು ಇರುತ್ತದೆ. ಹೆಚ್ಚಿನವರಲ್ಲಿ ಕಾರಣ ತಿಳಿಯುವುದಿಲ್ಲ. ಕೆಲವು ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಚಿಕಿತ್ಸೆ ಬೇಕಾಗುವಷ್ಟು ಓರೆ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು.

ಶಾಲಾ ಚೀಲದಿಂದ ಇದು ಬರುವುದೇ? ಹಾಗೆನ್ನಲು ಆಧಾರವಿಲ್ಲ. ಭಾರದ ಚೀಲದಿಂದ ಹೆಗಲು, ಬೆನ್ನು ನೋಯಬಹುದು. ಚೀಲ ಮಗುವಿನ ತೂಕದ ಹತ್ತನೇ ಒಂದು ಭಾಗ ಮೀರಬಾರದೆಂದು 2020ರ ರಾಷ್ಟ್ರೀಯ ಶಾಲಾ ಚೀಲ ನೀತಿ ಹೇಳಿರುವುದು ಸರಿಯೇ. ಆದರೆ ಚೀಲ ಹಗುರಾದ ಮಾತ್ರಕ್ಕೆ ಓರೆ ಬೆನ್ನು ನೆಟ್ಟಗಾಗದು.

ಮನೆಯಲ್ಲೇ ಪರೀಕ್ಷೆ

ಈ ತೊಂದರೆಯಲ್ಲಿ ಮೊದಮೊದಲು ನೋವು ಇರುವುದೇ ಅಪರೂಪ. ಆದ್ದರಿಂದ ಮಗು ಹೇಳುವುದಿಲ್ಲ, ನಾವೇ ನೋಡಬೇಕು. ಇಂಗ್ಲೆಂಡಿನ ವೈದ್ಯ ವಿಲಿಯಂ ಆಡಮ್ಸ್ 1865ರಲ್ಲಿ ವಿವರಿಸಿದ ಸುಲಭ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಬೆನ್ನು ಪೂರ್ತಿ ಕಾಣುವಂತೆ ಅಂಗಿ ತೆಗೆಸಿ. ಹೆಣ್ಣುಮಕ್ಕಳನ್ನಾದರೆ ತಾಯಿಯೇ ಕೋಣೆಯಲ್ಲಿ ನೋಡಲಿ. ಪಾದಗಳನ್ನು ಜೋಡಿಸಿ, ಮೊಣಕಾಲು ಮಡಿಸದೆ, ಎರಡೂ ಅಂಗೈಗಳನ್ನು ಕೂಡಿಸಿ ಕೈ ಇಳಿಬಿಟ್ಟು ಮಗು ಮುಂದಕ್ಕೆ ಬಾಗಲಿ. ನೀವು ಹಿಂದೆ ಕುಳಿತು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಪಕ್ಕೆಲುಬಿನ ಭಾಗವಾಗಲಿ ಸೊಂಟದ ಭಾಗವಾಗಲಿ ಒಂದು ಬದಿಗೆ ಉಬ್ಬಿದ್ದರೆ ಮೂಳೆ ತಜ್ಞರಿಗೆ ತೋರಿಸಿ.

ಹತ್ತು ವರ್ಷದಿಂದ ಹದಿನೈದರವರೆಗೆ ಆರು ತಿಂಗಳಿಗೊಮ್ಮೆ ಹೀಗೆ ನೋಡಿದರೆ ಸಾಕು. ಮಕ್ಕಳು ಸರ್ರನೆ ಎತ್ತರವಾಗುವ ವಯಸ್ಸು ಅದು. ಓರೆಯೂ ಆಗಲೇ ಬೇಗ ಹೆಚ್ಚುತ್ತದೆ. ಹುಡುಗಿಯರಲ್ಲಿ ಈ ಜಿಗಿತ ಮೈನೆರೆಯುವ ಮುಂಚೆಯೇ ಆಗಿಬಿಡುತ್ತದೆ. ಹಾಗಾಗಿ ಅವರ ವಿಷಯದಲ್ಲಿ ತಡ ಮಾಡಬಾರದು.

ಚಿಕಿತ್ಸೆ ಏನು?

ಮಗುವನ್ನು ನಿಲ್ಲಿಸಿ ಇಡೀ ಬೆನ್ನಿನ ಎಕ್ಸ್‌ರೇ ತೆಗೆಯುತ್ತಾರೆ. ಮಲಗಿಸಿ ತೆಗೆದರೆ ಓರೆ ಕಡಿಮೆ ಕಾಣುತ್ತದೆ. ಬಾಗಿದ ಕೋನವನ್ನು ಅಮೆರಿಕದ ಜಾನ್ ಕಾಬ್ 1948ರಲ್ಲಿ ತೋರಿಸಿಕೊಟ್ಟ ಕ್ರಮದಲ್ಲಿ ಅಳೆಯುತ್ತಾರೆ. 10 ಡಿಗ್ರಿಗಿಂತ ಕಡಿಮೆಯಿದ್ದರೆ ಅದು ಸ್ಕೋಲಿಯೋಸಿಸ್ ಅಲ್ಲ. 25ರ ಒಳಗಿದ್ದರೆ ಸಾಮಾನ್ಯವಾಗಿ ಕೆಲವು ತಿಂಗಳಿಗೊಮ್ಮೆ ಪರೀಕ್ಷಿಸುತ್ತ ಹೋದರೆ ಸಾಕು. 25ರಿಂದ 40 ಡಿಗ್ರಿ ಇದ್ದು, ಮಗು ಇನ್ನೂ ಬೆಳೆಯುವುದಿದ್ದರೆ ಮೈಗೆ ಸರಿಯಾಗಿ ಕೂರುವ ಬ್ರೇಸ್ ಎಂಬ ಗಟ್ಟಿ ಕವಚ ಹಾಕಿಸುತ್ತಾರೆ. 45-50 ಡಿಗ್ರಿ ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅಂಥ ಓರೆ ಬೆಳವಣಿಗೆ ನಿಂತ ಮೇಲೂ ನಿಧಾನವಾಗಿ ಹೆಚ್ಚಬಹುದು. ತೀರಾ ಹೆಚ್ಚಾದರೆ ಶ್ವಾಸಕೋಶಕ್ಕೆ ಜಾಗ ಸಾಲದಾಗುತ್ತದೆ.

ಬ್ರೇಸ್ ಬಾಗಿದ ಮೂಳೆಯನ್ನು ನೇರ ಮಾಡುವುದಿಲ್ಲ. ಇನ್ನಷ್ಟು ಬಾಗದಂತೆ ತಡೆಯುತ್ತದೆ. ಅಮೆರಿಕ, ಕೆನಡಾಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ರೇಸ್ ಹಾಕಿದ ಶೇ. 72ರಷ್ಟು ಮಕ್ಕಳಲ್ಲಿ ಓರೆ 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಯಿತು. ಹಾಕದೆ ಕಾದವರಲ್ಲಿ ಇದು ಶೇ. 48 ಮಾತ್ರ. ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ಹೊತ್ತು ಧರಿಸಿದವರಲ್ಲಿ ಶೇ. 90 ಮೀರಿತು. ಕಪಾಟಿನಲ್ಲಿಟ್ಟ ಬ್ರೇಸಿನಿಂದ ಉಪಯೋಗವಿಲ್ಲ. ಎಣ್ಣೆ ನೀವಿಸುವುದು, ಜಗ್ಗಿಸುವುದು ಇದಕ್ಕೆ ಬದಲಿ ಆಗಲಾರವು. ಯೋಗ, ಈಜು ಒಳ್ಳೆಯವೇ, ಆದರೆ ಅವೂ ಬ್ರೇಸಿನ ಕೆಲಸ ಮಾಡವು.

ಒಂದು ಎಚ್ಚರಿಕೆ. ರಾತ್ರಿ ಎಬ್ಬಿಸುವ ಬೆನ್ನುನೋವು, ಸಂಜೆಯ ಜ್ವರ, ತೂಕ ಇಳಿಯುವುದು, ಕಾಲಿನಲ್ಲಿ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ಕೂಡಲೇ ವೈದ್ಯರನ್ನು ಕಾಣಬೇಕು. ನಮ್ಮಲ್ಲಿ ಬೆನ್ನುಮೂಳೆಯ ಕ್ಷಯ ಇನ್ನೂ ಇದೆ.

ವಿಷಯ ನಾಲ್ಕು ಜನಕ್ಕೆ ತಿಳಿದರೆ ಮುಂದೆ ಮದುವೆಗೆ ತೊಡಕಾದೀತೆಂದು ಮಗಳ ಬೆನ್ನನ್ನು ದುಪಟ್ಟಾದಲ್ಲಿ ಮುಚ್ಚಿಡುವ ಮನೆಗಳುಂಟು. ಮುಚ್ಚಿಟ್ಟ ಆ ಒಂದೆರಡು ವರ್ಷಗಳಲ್ಲೇ ಬ್ರೇಸಿನಿಂದ ಮುಗಿಯಬಹುದಾಗಿದ್ದ ಚಿಕಿತ್ಸೆ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ಸ್ಕೋಲಿಯೋಸಿಸ್ ಇರುವ ಹೆಚ್ಚಿನ ಹೆಣ್ಣುಮಕ್ಕಳು ಎಲ್ಲರಂತೆ ಓದಿ, ದುಡಿದು, ಮಕ್ಕಳನ್ನು ಹೆತ್ತು ಬಾಳುತ್ತಾರೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಬ್ರೇಸ್ ಹಾಕಿಕೊಂಡು ತರಗತಿಗೆ ಬರುವ ಗೆಳತಿಯನ್ನು ಅಣಕಿಸಬೇಡಿ. ನಿಮ್ಮ ಒಂದು ನಗೆಗೆ ಹೆದರಿ ಅವಳು ಅದನ್ನು ಬಿಚ್ಚಿಟ್ಟಾಳು. ನಿಮ್ಮ ಬೆನ್ನೇ ಓರೆಯಾಗಿದ್ದರೆ ಧೈರ್ಯಗೆಡಬೇಡಿ. 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ ಜಮೈಕಾದ ಉಸೇನ್ ಬೋಲ್ಟ್ ಅವರಿಗೂ ಸ್ಕೋಲಿಯೋಸಿಸ್ ಇದೆ. ಅಮ್ಮನಿಗೆ ಇಂದೇ ಹೇಳಿ, ಬೆನ್ನು ತೋರಿಸಿ.